ಕುಂಚಿಗೆ ತೊಟ್ಟ ಲ್ಯಾಪ್‌ಟಾಪ್

ಸೇಡಂ ಮತ್ತು ಚಿಂಚೋಳಿ ತಾಲೂಕುಗಳಲ್ಲಿ ಇವತ್ತು ಓಡಾಡಿಕೊಂಡಿರುವ ಒಳ್ಳೆಯ ಮನುಷ್ಯರೆಲ್ಲ ನಮ್ಮ ದೊಡ್ಡತ್ತೆಯ ಕೈಯಲ್ಲಿ ಹುಟ್ಟಿದವರು. ಕೆಟ್ಟವರು ಬೇರೆ ಎಲ್ಲೋ ಹುಟ್ಟಿ ಇಲ್ಲಿಗೆ ಬಂದವರು. ಇದು ನನ್ನ ಅಭಿಪ್ರಾಯವಲ್ಲ, ಅವರದೇ ತೀರ್ಮಾನ. ಮೂವತ್ತೈದು ವರ್ಷ ಹಳ್ಳಿಹಳ್ಳಿ ತಿರುಗಿ ಹೆರಿಗೆ ಮಾಡಿಸಿದ ಸರ್ಕಾರಿ ನರ್ಸಬಾಯಿಯ ತೀರ್ಮಾನವನ್ನು ತಿದ್ದಲು ನಾನ್ಯಾರು?

ಒಮ್ಮೆ ಚಿಂಚೋಳಿ ಬಸ್ಸಿನಲ್ಲಿ ಕಂಡಕ್ಟರೊಬ್ಬ, “ಇಲ್ಲಿ ಸ್ಟಾಪ್ ಇಲ್ಲ, ಮುಂದ ಇಳೀರಿ” ಎಂದು ಗದರಿದ. ದೊಡ್ಡತ್ತೆ ಸಿಟ್ಟಾಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಅವನ ಮುಖವನ್ನೇ ದಿಟ್ಟಿಸಿದರು.

“ತಮ್ಮಾ, ಯಾವೂರಾಗ ಹುಟ್ಟಿದಿ?”

“ಯಾಕ್ರಿ ಅಮ್ಮಾ? ಹೊಸಪೇಟಿ ಕಡಿ.”

“ಅದಕ್ಕೇ!”

ಇಡೀ ಬಸ್ಸು ನಕ್ಕಿತು. ಹಿಂದಿನ ಸೀಟಿನಿಂದ ಯಾರೋ, “ನಾ ಇವರ ಕೈಯಾಗೇ ಹುಟ್ಟಿದಾಂವರಿ, ಬಸ್ ನಿಂದ್ರಸ್ರಿ” ಎಂದು ಕೂಗಿದರು. ಬಸ್ಸು ನಿಂತಿತು. ಇಳಿಯುವಾಗ ದೊಡ್ಡತ್ತೆ ಕಂಡಕ್ಟರನ ಕೆನ್ನೆ ಸವರಿ, ಪಾಪ, ಅವನದೇನು ತಪ್ಪು ಎನ್ನುವಂತೆ ನೋಡಿದರು.

ಅವರ ಕೆಲಸಕ್ಕೆ ಒಂದು ಸೂತ್ರವಿತ್ತು. ಹುಟ್ಟಿದ ಕೂಸು ಅಳಲಿಲ್ಲವೆಂದು ‘ಹೋಯಿತು’ ಎನ್ನಬಾರದು. ಮೊದಲು ಬಾಯಿ ಸ್ವಚ್ಛ ಮಾಡಬೇಕು, ಆಮೇಲೆ ಮೂಗು. ಬೆನ್ನು ತಿಕ್ಕಬೇಕು, ಅಂಗಾಲಿಗೆ ತಟ್ಟಬೇಕು, ಕಾಯಬೇಕು, ಮತ್ತೆ ತಟ್ಟಬೇಕು. ನಿವೃತ್ತರಾಗಿ ಸೇಡಮ್ಮಿನ ಮನೆಯಲ್ಲಿ ಕುಳಿತ ಮೇಲೆ ಕೂಸುಗಳು ಬರುವುದು ನಿಂತಿತು. ಸೂತ್ರ ಮಾತ್ರ ಅವರ ಕೈಯಲ್ಲೇ ಉಳಿಯಿತು. ಅದನ್ನು ಎಲ್ಲಾದರೂ ಬಳಸಬೇಕಲ್ಲ! ಮನೆಯ ಯಂತ್ರಗಳ ಮೇಲೆ ಬಳಸತೊಡಗಿದರು.

ಮಿಕ್ಸರ್ ನಿಂತರೆ ಅದನ್ನು ತಣ್ಣಗಿನ ಫರಸಿ ಕಲ್ಲಿನ ನೆಲದ ಮೇಲೆ ಅಡ್ಡ ಮಲಗಿಸಿ, “ದಣದದ, ಮಲಗಲಿ ಬಿಡು” ಎನ್ನುವರು. ಎರಡು ಗಂಟೆಯ ನಿದ್ದೆ ಮುಗಿಸಿ ಅದು ಶೇಂಗಾ ಚಟ್ನಿ ಅರೆಯುತ್ತಿತ್ತು. ಗೋಡೆ ಗಡಿಯಾರ ಹಿಂದೆ ಬಿದ್ದರೆ, “ಸತ್ತಿಲ್ಲ, ಸುಸ್ತಾಗ್ಯಾದ.” ಟಾರ್ಚು ಹತ್ತದಿದ್ದರೆ ಅದರ ಬೆನ್ನು ತಿಕ್ಕುವರು, ಹತ್ತುತ್ತಿತ್ತು. ಇದೆಲ್ಲ ನೋಡಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ನಾನು ಬಟನ್ನನ್ನು ಎರಡು ಸಲ ಒತ್ತುವ ಮನುಷ್ಯ. ಮೂರನೆಯ ಸಲ ಒತ್ತುವ ಬದಲು ಹೊಸದು ತರುತ್ತೇನೆ. ಚಿತ್ತಾಪುರದ ನನ್ನ ಮನೆಯಲ್ಲಿ ಐದು ವರ್ಷ ಪೂರೈಸಿದ ಯಂತ್ರ ಒಂದೂ ಇಲ್ಲ. ಹೆಂಡತಿ ಆಗಾಗ ನನ್ನನ್ನು ಅನುಮಾನದಿಂದ ನೋಡುತ್ತಾಳೆ.

ಇನ್ನು ಲ್ಯಾಪ್‌ಟಾಪಿನ ವಿಷಯ. ಅದಕ್ಕೆ ಮೊದಲು ನೋಟ್‌ಬುಕ್ಕಿನ ವಿಷಯ ಹೇಳಬೇಕು.

ನಮ್ಮ ಕಡೆ ಒಂದು ತಲೆಮಾರಿನ ಅರ್ಧ ಜನ ಜೂನ್ ಒಂದನೆಯ ತಾರೀಖು ಹುಟ್ಟಿದವರು. ಶಾಲೆಗೆ ಸೇರಿಸುವಾಗ ಅಪ್ಪನಿಗೆ ತಾರೀಖು ಗೊತ್ತಿರಲಿಲ್ಲ, ಹೆಡ್‌ಮಾಸ್ತರರಿಗೆ ಪುರುಸೊತ್ತಿರಲಿಲ್ಲ. ಶಾಲೆ ಶುರುವಾಗುವ ದಿನವನ್ನೇ ಹುಟ್ಟಿದ ದಿನವೆಂದು ಬರೆದುಬಿಟ್ಟರು. ನಾನು ಪಾಠ ಹೇಳುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಜೂನ್ ಒಂದರಂದು ನಾಲ್ವರಿಗೆ ಒಟ್ಟಿಗೆ ಹುಟ್ಟುಹಬ್ಬ! ಖರೇ ಹುಟ್ಟಿದ ದಿನ ಯಾವುದೆಂದು ಅವರಿಗೂ ಗೊತ್ತಿಲ್ಲ, ಅವರ ಅವ್ವಂದಿರಿಗೂ ‘ಜೋಳ ತೆನಿಗಟ್ಟಿದಾಗ’ ಎನ್ನುವಷ್ಟೇ ನೆನಪು.

ಆದರೆ ದೊಡ್ಡತ್ತೆಯ ಕೈಯಲ್ಲಿ ಹುಟ್ಟಿದವರಿಗೆ ಈ ಕೊರತೆ ಇರಲಿಲ್ಲ. ಸರ್ಕಾರದ ರಿಜಿಸ್ಟರು ಬೇರೆ, ಅವರದೇ ನೋಟ್‌ಬುಕ್ಕು ಬೇರೆ. ಉದ್ದನೆಯ ಹನ್ನೊಂದು ನೋಟ್‌ಬುಕ್ಕುಗಳು. ಊರು, ತಾಯಿಯ ಹೆಸರು, ದಿನ, ಹೊತ್ತು, ತೂಕ. ಕೊನೆಯಲ್ಲಿ ಅವತ್ತೇ, ಅಲ್ಲೇ ಕುಳಿತು ಬರೆದ ಒಂದೆರಡು ಮಾತು. ‘ಕೂಸು ಜೋರು ಅತ್ತಿತು.’ ‘ಅಜ್ಜಿ ನನ್ನ ಸಂಗಡ ಜಗಳಾಡಿದಳು, ಆಮೇಲೆ ತಿನ್ನಲು ಮಾಲ್ದಿ ಕೊಟ್ಟಳು.’ ‘ಗಂಡ ಅಂಜಿ ಓಡಿಹೋದ. ಸಂಜಿಗೆ ಬಂದ.’ ಸೇಡಂ ತಾಲೂಕಿನ ಮುಧೋಳದ ಕಡೆಯಿಂದ, ಚಿಂಚೋಳಿಯ ಗುಡ್ಡದ ತಾಂಡಾಗಳಿಂದ ಜನ ಬಂದು, “ನಾ ಎಂದು ಹುಟ್ಟೀನಿ ನೋಡ್ರಿ ಜರಾ” ಎಂದು ಕೇಳಿ ಬರೆಸಿಕೊಂಡು ಹೋಗುತ್ತಿದ್ದರು. ಅದರಿಂದ ಆಧಾರ್ ಕಾರ್ಡು ಬದಲಾಗುವುದಿಲ್ಲ. ಆದರೂ ಬರುತ್ತಿದ್ದರು.

ಒಮ್ಮೆ ಮಾತ್ರ ದೊಡ್ಡತ್ತೆ ನೋಟ್‌ಬುಕ್ಕು ತೆರೆಯದೆ ನೆನಪಿನಿಂದ ಹೇಳಿದರು. ವರನ ಜಾತಕ ಬರೆಸಲು ಬಂದಿದ್ದ ತಂದೆಗೆ, “ಮಂಗಳವಾರ, ಸೂರ್ಯ ಮುಳಗೂ ಹೊತ್ತು, ನನಗ ಕಣ್ಣಿಗಿ ಕಟ್ಟಿಧಂಗ ಅದ” ಎಂದುಬಿಟ್ಟರು. ಜಾತಕವಾಯಿತು, ಮದುವೆಯಾಯಿತು. ಆಮೇಲೆ ಯಾಕೋ ಅನುಮಾನ ಬಂದು ತೆರೆದು ನೋಡಿದರೆ, ಹುಡುಗ ಹುಟ್ಟಿದ್ದು ಶುಕ್ರವಾರ. ಆ ಮಂಗಳವಾರ ಸೂರ್ಯ ಮುಳುಗುವ ಹೊತ್ತು ದೊಡ್ಡತ್ತೆ ಅದೇ ಮನೆಯಲ್ಲಿ ಹೆರಿಗೆ ಮಾಡಿಸಿದ್ದು ಹೌದು. ಆದರೆ ಎಮ್ಮೆಗೆ! ಕರುವಿನ ಜಾತಕಕ್ಕೆ ಹುಡುಗಿಯ ಜಾತಕ ಮೂವತ್ತಾರಕ್ಕೆ ಇಪ್ಪತ್ತೆಂಟು ಗುಣ ಕೂಡಿತ್ತು. ದಂಪತಿ ಈಗಲೂ ಸುಖವಾಗಿದ್ದಾರೆ. ಅಂದಿನಿಂದ ದೊಡ್ಡತ್ತೆ ಒಂದು ನಿಯಮ ಹಾಕಿಕೊಂಡರು: “ಬಾಯಿ ಮಾತು ರಿಕಾರ್ಡ್ ಅಲ್ಲ.” ಬರೆದದ್ದನ್ನು ನೋಡದೆ ಒಂದಕ್ಷರ ಹೇಳುವುದಿಲ್ಲ.

ನಾನು ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ಅವರಿಗೆ ಕೊಟ್ಟೆ. ಅದೊಂದು ಕಪ್ಪನೆಯ ಕಲ್ಲು. ತೊಡೆಯ ಮೇಲೆ ಇಟ್ಟುಕೊಂಡರೆ ಕಾಲು ಜೋಮು ಹಿಡಿಯುತ್ತಿತ್ತು. ಒಂದು ಬೇಸಿಗೆ ರಜೆಯಲ್ಲಿ ಅವರು ಓದಿ ಹೇಳಿದರು, ನಾನು ಹನ್ನೊಂದೂ ನೋಟ್‌ಬುಕ್ಕುಗಳನ್ನು ಅದರಲ್ಲಿ ಟೈಪ್ ಮಾಡಿದೆ. ಮಾರ್ಚಿನಲ್ಲೇ ಕಾಯುವ ಸೇಡಂ, ಮೇ ತಿಂಗಳಲ್ಲಿ ಕೇಳಬೇಕೆ! ಫ್ಯಾನಿನ ಕೆಳಗೆ ಕುಳಿತು ಸಾವಿರಾರು ಕೂಸುಗಳನ್ನು ನಾನೂ ಎರಡನೆಯ ಸಲ ಹುಟ್ಟಿಸಿದೆ.

ಆರನೆಯ ನೋಟ್‌ಬುಕ್ಕಿನ ನಡುವೆ ಒಂದು ಮಧ್ಯಾಹ್ನ ಅವರ ದನಿ ನಿಂತಿತು. ಪುಟದ ಮೇಲೆ ಕೈಯಿಟ್ಟುಕೊಂಡು, “ನೀ ಹೊರಗ ಹೋಗಿ ಚಾ ಕುಡದು ಬಾ” ಎಂದರು. ಮನೆಯಲ್ಲೇ ಚಹಾ ಕುದಿಯುತ್ತಿತ್ತು! ಆದರೂ ಹೋದೆ. ಮರಳಿ ಬಂದಾಗ ಅವರು ಬಲಗೈಯ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರು. ಓದಲು ಬಗ್ಗಿದರೆ ಕೈ ಅಡ್ಡ ಹಿಡಿದು, “ಮುಂದಿನ ಪಾನ ಹಚ್ಚು” ಎಂದು ಪುಟ ತಿರುವಿದರು. ನಾನು ಮರೆತುಬಿಟ್ಟೆ.

ಟೈಪಿಂಗ್ ಮುಗಿದ ದಿನ ಅವರು ಕೇಳಿದ್ದು ಒಂದೇ ಮಾತು: “ಇನ್ನೊಂದು ಕಾಪಿ ತಗದು ಇಟ್ಟೀ ಇಲ್ಲೋ?”

“ಇಟ್ಟೀನ್ರಿ ಅತ್ತಿ.”

ಇಟ್ಟಿರಲಿಲ್ಲ. ಪೆನ್‌ಡ್ರೈವ್ ಚಿತ್ತಾಪುರದಲ್ಲಿತ್ತು. ಮುಂದಿನ ವಾರ ಇಟ್ಟರಾಯಿತು ಎಂದುಕೊಂಡೆ. ಮುಂದಿನ ವಾರಗಳು ಬರುತ್ತಲೇ ಹೋದವು. ಮೂರು ವರ್ಷದ ಮೇಲೆ ಒಂದು ಮಳೆಗಾಲದಲ್ಲಿ ಕಾಗಿಣಾ ಹೊಳೆ ಉಕ್ಕಿ ತಗ್ಗಿನ ಓಣಿಗಳಿಗೆಲ್ಲ ನುಗ್ಗಿತು. ದೊಡ್ಡತ್ತೆಯ ಟ್ರಂಕು ಎರಡು ದಿನ ನೀರಲ್ಲಿ ನಿಂತಿತು. ಮುಚ್ಚಳ ತೆರೆದಾಗ ಹನ್ನೊಂದು ನೋಟ್‌ಬುಕ್ಕುಗಳ ಮಸಿಯೆಲ್ಲ ಕರಗಿ ನೀಲಿ ರಾಡಿಯಾಗಿತ್ತು. ಲ್ಯಾಪ್‌ಟಾಪ್ ಮಾತ್ರ ಗೋಡೆಯ ಮೇಲಿನ ಗೂಡಿನಲ್ಲಿ ನೀರು ತಾಗದೆ ಉಳಿದಿತ್ತು. “ಇರಲಿ, ಇದರಾಗ ಅದ. ನಿನ್ನ ಹತ್ತರ ಇನ್ನೊಂದು ಅದ” ಎಂದು ದೊಡ್ಡತ್ತೆ ನನ್ನ ಬೆನ್ನು ತಟ್ಟಿದರು. ನನಗೆ ಆಗಲೂ ಬಾಯಿ ಬರಲಿಲ್ಲ. ಅವತ್ತೇ ಕಾಪಿ ತೆಗೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಅದನ್ನೇ ಕೇಳುತ್ತಾಳೆ.

ಅಂದಿನಿಂದ ಲ್ಯಾಪ್‌ಟಾಪು ಆ ಮನೆಯ ಕೂಸಾಯಿತು. ಎಳೆಗೂಸಿಗೆ ತಲೆ, ಬೆನ್ನು ಮುಚ್ಚುವಂತೆ ಹೊಲಿಯುತ್ತಾರಲ್ಲ, ಅಂಥ ಕುಂಚಿಗೆಯನ್ನು ಹಳೆಯ ಇಳಕಲ್ ಸೀರೆಯಲ್ಲಿ ಹೊಲಿದು ಅದಕ್ಕೆ ತೊಡಿಸಿದರು. ದೃಷ್ಟಿ ತಾಗಬಾರದೆಂದು ಮೂಲೆಯಲ್ಲಿ ಕಾಡಿಗೆಯ ಬೊಟ್ಟು. ಒಮ್ಮೆ ಕೀಲಿಗಳ ಸಂದಿಯಿಂದ ಇರುವೆಗಳ ಸಾಲು ಹೊರಟದ್ದು ಕಂಡಮೇಲೆ, ಸೋಮವಾರ ಗುರುವಾರ ಸಂಜೆ ಅದಕ್ಕೆ ಲೋಬಾನ ಹೊಗೆ ಬೇರೆ! ನೀರೆರೆದ ಕೂಸಿಗೆ ಹಾಕುವಂತೆಯೇ. ಕೆಂಡದ ಮೇಲೆ ಲೋಬಾನ ಉದುರಿಸಿ, ಗಾಳಿಯಾಡುವ ಜಾಲರಿಗೆ ಹೊಗೆ ಹಿಡಿಯುವರು. “ಅತ್ತಿ, ಇದು ಮಶೀನ್ ಅದ್ರಿ” ಎಂದರೆ, “ಇರಬಿ ಹೊಕ್ಕಾವ ಇಲ್ಲೋ ಈಗ?” ಎಂದು ಬಾಯಿ ಮುಚ್ಚಿಸುತ್ತಿದ್ದರು. ಹೊಕ್ಕಿರಲಿಲ್ಲ, ನಿಜ.

ಹೋದ ವರ್ಷ ಆಷಾಢದ ಕೊನೆಯ ಭಾನುವಾರ ನಾನು ಸೇಡಮ್ಮಿಗೆ ಹೋದಾಗ ಪಡಸಾಲೆಯಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಹೆಸರು ಸಾಬಮ್ಮ. ಕಾಗಿಣಾ ದಂಡೆಯ ಊರಿನವಳು, ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ನಲವತ್ತರ ಮೇಲಿರಬೇಕು. ಅವಳನ್ನು ಹೆತ್ತ ದಿನವೇ ತಾಯಿ ತೀರಿಕೊಂಡಿದ್ದಳು. ಹೆರಿಗೆ ಮಾಡಿಸಿದವರು ದೊಡ್ಡತ್ತೆ.

“ಶ್ರಾವಣದಾಗ ಒಂದು ದಿನ ಅಪ್ಪ ಒಬ್ಬನೇ ಹೊಳಿ ದಂಡಿಗಿ ಹೋಗಿ ಅವ್ವನ ಹೆಸರಿಲೆ ಎಡಿ ಬಿಟ್ಟು ಬರ್ತಿದ್ದರಿ. ಯಾವ ದಿನ ಅಂತ ಹೇಳ್ತಿದ್ದಿಲ್ಲ, ನಾನೂ ಕೇಳ್ತಿದ್ದಿಲ್ಲ. ಕೇಳಲಾಕ ಮಾರಿ ಬೇಕಲ್ರಿ? ಹುಟ್ಟಿಕೋತನೇ ಅವ್ವನ್ನ ನುಂಗಿದಾಕಿ ಅಂತ ನನಗ ಎಲ್ಲಾರು ಅಂತಾರ. ನಾಗರ ಪಂಚಮಿ ಆದ ಮ್ಯಾಲ ಅಪ್ಪನೂ ಸತ್ತು ವರ್ಷ ಆಗ್ತದ. ಈ ಸಲ ಎಡಿ ನಾ ಹಿಡೀಬೇಕು. ದಿನ ಗೊತ್ತಿಲ್ಲ” ಎಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು.

ದೊಡ್ಡತ್ತೆ ಕುಂಚಿಗೆ ಬಿಚ್ಚಿ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟರು. ಬಟನ್ ಒತ್ತಿದೆ. ನೀಲಿ ದೀಪ ಹತ್ತಿತು, ಒಳಗಿನ ಫ್ಯಾನು ಗುಂಯ್ ಎಂದಿತು, ಪರದೆ ಕಪ್ಪಾಗಿಯೇ ಉಳಿಯಿತು. ಮತ್ತೆ ಒತ್ತಿದೆ. ಅದೇ ಕಥೆ. ನನ್ನ ಎರಡು ಸಲದ ಕೋಟಾ ಮುಗಿಯಿತು.

ದೊಡ್ಡತ್ತೆ ಬಗ್ಗಿ ಕಿವಿಗೊಟ್ಟರು. “ಉಸುರು ಅದ. ಕಣ್ಣು ಬಿಡವಲ್ದು” ಎಂದರು.

“ನಿಮಗ ನೆನಪಿಲ್ಲೇನ್ರಿ ಯವ್ವಾ?” ಎಂದು ಸಾಬಮ್ಮ ಕೇಳಿದಳು.

ದೊಡ್ಡತ್ತೆ ಅವಳ ಮುಖ ನೋಡಿ, ಕೂಡಲೇ ಬೇರೆ ಕಡೆ ನೋಡಿದರು. “ನೆನಪು ಅದ. ರಿಕಾರ್ಡ್ ಇಲ್ಲದ ಹೇಳಂಗಿಲ್ಲ.”

ನನಗೆ ರೇಗಿತು. ಇವರ ನಿಯಮಕ್ಕಿಷ್ಟು ಬೆಂಕಿ ಹಾಕ! ಪಾಪ, ಅಷ್ಟು ದೂರದಿಂದ ಬಂದಿದ್ದಾಳೆ, ಒಂದು ದಿನ ಹೇಳಿಬಿಟ್ಟರೆ ಗಂಟೇನು ಹೋಗುತ್ತದೆ? “ಹೇಳಿಬಿಡ್ರಿ ಅತ್ತಿ” ಎಂದೆ. “ಎಮ್ಮಿ ಕರಾ ಮರತೇನು?” ಎಂದರು. ಸಾಬಮ್ಮನಿಗೆ ಮುಂದಿನ ಭಾನುವಾರ ಬರಲು ಹೇಳಿ, ಊಟ ಮಾಡಿಸಿ ಕಳಿಸಿದರು. ಶ್ರಾವಣಕ್ಕೆ ನಾಲ್ಕು ದಿನ ಉಳಿದಿತ್ತು.

ಆಮೇಲೆ ಚಿಕಿತ್ಸೆ ಶುರುವಾಯಿತು. ಕೂಸು ತೂಗುವ ಸ್ಪ್ರಿಂಗ್ ತಕ್ಕಡಿ ಅವರ ಬಳಿ ಇನ್ನೂ ಇತ್ತು. ಜೋಳಿಗೆಯಲ್ಲಿ ಲ್ಯಾಪ್‌ಟಾಪ್ ಮಲಗಿಸಿ ತೂಗಿದರು. “ಎರಡು ಕಿಲೋ ಎಂಟುನೂರು. ತೂಕ ಬರಾಬರ್ ಅದ.” ಬೆನ್ನು ತಿಕ್ಕಿದರು. ಬ್ಯಾಟರಿ ಬಿಚ್ಚಿ ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರು. ಚಾರ್ಜರಿನ ವಯರನ್ನು ಹೊಕ್ಕುಳ ಬಳ್ಳಿ ನೋಡಿದ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಾಡಿಸಿ ನೋಡಿದರು. “ಇಲ್ಲಿ ಏನೂ ಇಲ್ಲ. ಒಳಗ ಎಲ್ಲೋ ಕಟ್ಟಿಕೊಂಡದ. ಬಾಯಿ ಮೂಗು ಸ್ವಚ್ಛ ಮಾಡಬೇಕು” ಎಂದರು.

ಲ್ಯಾಪ್‌ಟಾಪಿಗೆ ಬಾಯಿ ಯಾವುದು, ಮೂಗು ಯಾವುದು! ಮರುದಿನ ಶಾಲೆಗೆ ರಜೆ ಹಾಕಿ ಸೇಡಮ್ಮಿನ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿದ್ದವನು ತಲೆಯೆತ್ತದೆ, “ಬೋರ್ಡ್ ಹೋಗ್ಯಾದ್ರಿ. ಒಗೀರಿ” ಎಂದ. ದೊಡ್ಡತ್ತೆ ಬಾಯಿ ತೆರೆಯುವ ಮೊದಲೇ ಅವರನ್ನು ಹೊರಗೆ ಎಳೆದುಕೊಂಡು ಬಂದೆ. ಬಂದರೂ ಬಾಗಿಲಲ್ಲಿ ತಿರುಗಿ, “ಯಾವೂರಾಗ ಹುಟ್ಟ್ಯಾನ ಕೇಳು” ಎಂದೇ ಎಂದರು.

ಅಲ್ಲಿಂದ ಚಿತ್ತಾಪುರ. ನಮ್ಮ ಶಾಲೆಯ ಕಂಪ್ಯೂಟರ್ ಕಲಿಸುವ ಗೆಳೆಯ ಬಹಳ ವಿನಯದಿಂದ ನೋಡಿದ. ಬಟನ್ ಒತ್ತಿದ, ತಲೆ ಕೆರೆದುಕೊಂಡ. “ಕಾಕೂ, ಸುರು ಆದ್ರೂ ಫಾರ್ಮ್ಯಾಟ್ ಮಾಡೂದು ಛಲೋರಿ” ಎಂದ.

“ಹಂಗಂದ್ರೇನಪ?”

“ಎಲ್ಲಾ ಅಳಿಸಿ ಹೊಸದು ಮಾಡೂದು.”

ದೊಡ್ಡತ್ತೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎದ್ದು ನಿಂತರು. ಪಾಪ, ಅವನು ಗಾಬರಿಯಾಗಿ, “ಅದಕ್ಕೇನ್ರಿ, ಬ್ಯಾಕಪ್ ಇರ್ತದಲ್ರಿ” ಎಂದ. “ಅದ. ನಮ್ಮ ಹುಡುಗ ಇನ್ನೊಂದು ಕಾಪಿ ಇಟ್ಟಾನ. ಅದರಾಗೂ ನೋಡಬೇಕಂತೀನಿ, ಇಂವ ತರವಲ್ಲ” ಎಂದು ದೊಡ್ಡತ್ತೆ ನನ್ನತ್ತ ನೋಡಿದರು. ನಾನು ಗೋಡೆಯ ಮೇಲಿನ ಭೂಪಟ ನೋಡಿದೆ.

ಶಹಾಬಾದಿನಲ್ಲಿ ರೇಡಿಯೋ ಕಾಲದಿಂದಲೂ ರಿಪೇರಿ ಮಾಡುತ್ತ ಬಂದ ಒಬ್ಬ ಚಾಚಾ ಇದ್ದಾರೆ ಎಂದು ಅದೇ ಗೆಳೆಯ ಹೇಳಿದ. ಬುಧವಾರ ಪ್ಯಾಸೆಂಜರ್ ಗಾಡಿ ಹತ್ತಿದೆವು. ದೊಡ್ಡತ್ತೆಯ ಮಡಿಲಲ್ಲಿ ಕುಂಚಿಗೆ ತೊಟ್ಟ ಕೂಸು. ಕಂಡ ಕೂಡಲೇ ಹೆಂಗಸರು ಸರಿದು ಜಾಗ ಕೊಟ್ಟರು. ಎದುರಿನ ಮುದುಕಿ ದನಿ ತಗ್ಗಿಸಿ, “ಮಲಗ್ಯಾದೇನ್ರಿ? ಎಷ್ಟು ತಿಂಗಳದು?” ಎಂದು ಕೇಳಿದಳು.

“ಹದಿನಾಲ್ಕು ವರ್ಷದ್ದು” ಎಂದರು ದೊಡ್ಡತ್ತೆ. ಮುದುಕಿ ವಾಡಿ ಬರುವತನಕ ಒಂದು ಮಾತೂ ಆಡಲಿಲ್ಲ.

ವಾಡಿಯಲ್ಲಿ ಗಾಡಿ ಎಂದಿನಂತೆ ನಿಂತುಬಿಟ್ಟಿತು. ಮುದುಕಿ ಇಳಿದಳು, ಬೋಗಿ ಖಾಲಿಯಾಯಿತು. ಕಿಟಕಿಯ ಸರಳಿನ ಮೇಲೆ ಸಿಮೆಂಟಿನ ಬೂದಿ ಕೂತಿತ್ತು. ಅಲ್ಲಿಯವರೆಗೆ ತಡೆದುಕೊಂಡಿದ್ದು ಇನ್ನು ಆಗಲಿಲ್ಲ. “ಅತ್ತಿ, ನಾ ಕಾಪಿ ಇಟ್ಟಿಲ್ಲ” ಎಂದೆ. ಪೆನ್‌ಡ್ರೈವಿನ ಕಥೆ, ಮುಂದಿನ ವಾರದ ಕಥೆ, ಪ್ರವಾಹದ ದಿನ ಬಾಯಿ ಬಾರದ ಕಥೆ, ಎಲ್ಲ ಹೇಳಿದೆ. ನಲವತ್ತೆಂಟು ವರ್ಷದ ನನಗೆ ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ಕಿವಿ ಬಿಸಿಯಾಗಿತ್ತು.

ದೊಡ್ಡತ್ತೆ ಕುಂಚಿಗೆಯ ದಾರ ಬಿಚ್ಚಿದರು, ಮತ್ತೆ ಕಟ್ಟಿದರು. ಗಾಡಿ ಹೊರಟಿತು. ಕಲ್ಲಿನ ಗಣಿಗಳು ದಾಟಿದವು. ಶಹಾಬಾದ್ ಸ್ಟೇಶನ್ ಬಂದು, ಇಳಿಯಲು ಎದ್ದು ನಿಂತಾಗ ಹೇಳಿದರು:

“ನೀ ಹುಟ್ಟೂ ಮುಂದ ನನಗ ರಜಾ ಸಿಗಲಿಲ್ಲ ನೋಡು.”

ಇಷ್ಟು ವರ್ಷ ಬಸ್ಸಿನವರಿಗೆ, ಅಂಗಡಿಯವರಿಗೆ ಬೀಳುತ್ತಿದ್ದ ಏಟು ಕೊನೆಗೆ ನನ್ನ ಪಾಲಿಗೂ ಬಂತು! ನಾನು ಹುಟ್ಟಿದ್ದು ಸರ್ಕಾರಿ ದವಾಖಾನೆಯಲ್ಲಿ, ಬೇರೆ ನರ್ಸಿನ ಕೈಯಲ್ಲಿ. ನಗುತ್ತಲೇ ಅವರ ಹಿಂದೆ ಇಳಿದೆ.

ಚಾಚಾನ ಅಂಗಡಿ ಅಂದರೆ ಒಂದು ಕಲ್ಲಿನ ಕಟ್ಟೆ, ಮೇಲೊಂದು ತಗಡು. ಅವರು ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ, ಸ್ಕ್ರೂ ಬಿಚ್ಚಿ, ಬೆನ್ನಿನ ಮುಚ್ಚಳ ತೆಗೆದರು. ಮೂಗು ಅರಳಿಸಿದರು. ಇನ್ನೂ ಹತ್ತಿರ ಬಗ್ಗಿ ಮೂಸಿದರು.

“ಅಮ್ಮಾ, ಇದು ಕಂಪೂಟರ್ ಅದನೋ ದರ್ಗಾ ಅದನೋ? ಲೋಬಾನ್ ವಾಸನಿ ಬರ್ಲಿಕತ್ತದ!”

ನಾನು ದೊಡ್ಡತ್ತೆಯನ್ನು ನೋಡಿದೆ. ಚಾಚಾ ಬೆರಳು ಅದ್ದಿ ತೋರಿಸಿದರು. ಫ್ಯಾನಿನ ಮೇಲೆ, ತಂತಿಗಳ ಮೇಲೆ, ಎಲ್ಲ ಕಡೆ ಕಂದುಬಣ್ಣದ ಅಂಟು ಜಿಗುಟು. ಮೆಮೊರಿಯ ಪಟ್ಟಿಯನ್ನು ಕಿತ್ತು ಬೆಳಕಿಗೆ ಹಿಡಿದರು. ಹೊಳೆಯಬೇಕಾದ ಅದರ ಹಲ್ಲುಗಳ ಸಾಲು ಎಲೆಯಡಿಕೆ ಹಾಕುವವರ ಹಲ್ಲಿನಂತೆ ಆಗಿತ್ತು. “ಇದೇ ನೋಡ್ರಿ. ಕರೆಂಟ್ ಬರ್ತದ, ನೆನಪಿನ ತನಕ ಹೋಗಂಗಿಲ್ಲ. ಹೊಗಿ ಕುಂತು ಕುಂತು ಪದರ ಆಗ್ಯಾದ.”

ದೊಡ್ಡತ್ತೆ ಕಟ್ಟೆಯ ಮೇಲೆ ನಿಧಾನಕ್ಕೆ ಕುಳಿತರು. “ಬಾಯಿ ಮೂಗು ಸ್ವಚ್ಛ ಮಾಡ್ರಿ ಅಂತ ಎಲ್ಲಾರಿಗಿ ನಾನೇ ಹೇಳದೆ” ಎಂದರು. “ಕಟ್ಟಿದಾಕೀನೂ ನಾನೇ.”

ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿರಲಿಲ್ಲ. ಆಡಿಕೊಳ್ಳಲು ಎಷ್ಟು ಒಳ್ಳೆಯ ಅವಕಾಶ! ಮನಸ್ಸಾಗಲಿಲ್ಲ. ಚಾಚಾ ಡಬ್ಬಿಯಿಂದ ಶಾಲೆಯ ಮಕ್ಕಳ ಬಿಳಿ ರಬ್ಬರ್ ತೆಗೆದು, ಆ ಹಲ್ಲುಗಳನ್ನು ಒಂದೊಂದಾಗಿ ತಿಕ್ಕಿದರು. ಬ್ರಶ್ಶಿನಿಂದ ಜಾಲರಿ ತೊಳೆದರು. ಒಣಗಿಸಿದರು. ಪಟ್ಟಿಯನ್ನು ಕೂಡಿಸಿ ಬಟನ್ ಒತ್ತಿದರು. ಕಪ್ಪು. ನಾನು ಕಣ್ಣು ಮುಚ್ಚಿಕೊಂಡೆ. ಇನ್ನೊಮ್ಮೆ ಕಿತ್ತರು, ತಿಕ್ಕಿದರು, ಒತ್ತಿದರು. ಕಪ್ಪು. ನಾಲ್ಕನೆಯ ಸಲವೋ ಐದನೆಯ ಸಲವೋ, ಟಣ್ ಎಂದು ಸಣ್ಣ ಸದ್ದಾಗಿ ಪರದೆಯ ಮೇಲೆ ಬೆಳಕು ಬಂತು.

“ಅತ್ತಿತು!” ಎಂದರು ದೊಡ್ಡತ್ತೆ.

ಸಾಬಮ್ಮನ ಸಾಲು ಅಲ್ಲೇ ಹುಡುಕೋಣವೆಂದೆ. ಒಪ್ಪಲಿಲ್ಲ. “ಅಕೀದು ಅಕೀ ಮುಂದೇ ತಗೀಬೇಕು.” ಆದರೆ ಕಾಪಿ? ನಾನು ಚಿತ್ತಾಪುರದಿಂದ ಬರುವಾಗಲೇ ಜೇಬಿನಲ್ಲಿ ಮೂರು ಪೆನ್‌ಡ್ರೈವ್ ಹಾಕಿಕೊಂಡು ಬಂದಿದ್ದೆ. ಕಟ್ಟೆಯ ಮೇಲೆ ಕುಳಿತೇ ಮೂರಕ್ಕೂ ತೆಗೆದೆ. ದೊಡ್ಡತ್ತೆ ಪಕ್ಕದಲ್ಲಿ ನಿಂತು ಎಣಿಸಿದರು.

ಭಾನುವಾರ ಸಾಬಮ್ಮ ಬೆಳಿಗ್ಗೆಯೇ ಬಂದಳು. ಶ್ರಾವಣ ಹತ್ತಿತ್ತು. ಲ್ಯಾಪ್‌ಟಾಪ್ ಒಂದೇ ಒತ್ತಿಗೆ ಕಣ್ಣು ಬಿಟ್ಟಿತು. ಅವಳು ಊರಿನ ಹೆಸರು ಹೇಳಿ, ತಾಯಿಯ ಹೆಸರು ಭೀಮವ್ವ ಎಂದಳು. ಹುಡುಕುತ್ತ ಹೋದೆ. ಆರನೆಯ ನೋಟ್‌ಬುಕ್ಕಿನ ನಡುವೆ ಸಿಕ್ಕಿತು. ನೋಡಿದ ಕೂಡಲೇ ತಿಳಿಯಿತು, ಇದು ನಾನು ಟೈಪ್ ಮಾಡಿದ್ದಲ್ಲ. ಸಾಲು ಸೊಟ್ಟ, ನಡುನಡುವೆ ಬೇಡದ ಜಾಗ. ಚಹಾ ಕುಡಿಯಲು ಹೊರಗೆ ಹೋಗಿದ್ದ ಆ ಮಧ್ಯಾಹ್ನ ನನಗೆ ನೆನಪಾಯಿತು. ದೊಡ್ಡತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. “ಓದು” ಎಂದರು.

ಓದಿದೆ.

“ಶ್ರಾವಣ ಎರಡನೇ ಸೋಮವಾರ. ಬೆಳಿಗ್ಗೆ ಆರೂಕಾಲು. ಹೆಣ್ಣು. ಕೂಸು ಅಳಲಿಲ್ಲ. ಬಾಯಿ ಮೂಗು ಸ್ವಚ್ಛ ಮಾಡಿದೆ. ಬಹಳ ಹೊತ್ತಿನ ಮೇಲೆ ಅತ್ತಿತು. ತಾಯಿಗೆ ರಕ್ತ ನಿಲ್ಲಲಿಲ್ಲ. ಹೊಳೆ ತುಂಬಿತ್ತು, ಜೀಪ್ ದಾಟಲಿಲ್ಲ. ತಾಯಿ ಕೂಸಿನ್ನ ಕೊಡಿರಿ ಅಂದಳು. ಕೊಟ್ಟೆ. ಹಾಲು ಕುಡಿಸಿದಳು. ಮೂಗು ಅವರ ಅಪ್ಪಂದು, ಹಣಿ ನಂದು ಅಂದಳು. ನಕ್ಕಳು. ಏಳು ಗಂಟೆಗೆ ಹೋದಳು.”

ಸಾಬಮ್ಮನ ಕೈ ತಾನಾಗಿಯೇ ಮೇಲೆದ್ದು ಅವಳ ಮೂಗು ಮುಟ್ಟಿತು. ಆಮೇಲೆ ಹಣೆ. ಅಲ್ಲೇ ನಿಂತಿತು.

“ನನಗ ಹಾಲು ಕುಡಿಸ್ಯಾಳ್ರೀ?” ಎಂದಳು. “ನಮ್ಮವ್ವ ನನ್ನ ನೋಡೇ ಇಲ್ಲ ಅಂತ ತಿಳಕೊಂಡಿದ್ದೆ ನಾ.”

ದೊಡ್ಡತ್ತೆ ಕಣ್ಣು ತೆರೆದರು. ಅವರು ಅಳುವುದನ್ನು ನಾನು ಕಂಡವನಲ್ಲ. ಅವತ್ತು ಕಂಡೆ.

“ತಂಗೀ, ಮೂವತ್ತೈದು ವರ್ಷದಾಗ ನನ್ನ ಕೈಯಾಗ ಮೂರು ತಾಯಂದಿರು ಹೋದ್ರು. ನಿಮ್ಮವ್ವ ನಕ್ಕಿದ್ದು ನನಗ ದಿನಾ ಕಾಣಸ್ತದ. ನೋಟ್‌ಬುಕ್ ನೀರಾಗ ಹೋದ ಮ್ಯಾಲ, ವಯಸ್ಸಾದಂಗ ಅಂಜಿಕಿ ಸುರು ಆಯ್ತು. ನಕ್ಕಿದ್ದು ಖರೇನೋ, ನನ್ನ ಸಮಾಧಾನಕ್ಕ ನಾನೇ ಮನಸ್ಸಿನಾಗ ಕಟ್ಟಿಕೊಂಡೀನೋ ಅಂತ. ನೀ ಅವತ್ತು ಕೇಳಿದಾಗ ಅದಕ್ಕೇ ಹೇಳ್ಲಿಲ್ಲ. ಕಟ್ಟಿದ್ದು ನಿನಗ ಹ್ಯಾಂಗ ಕೊಡ್ಲಿ? ಖರೇ ಇತ್ತು. ಅವತ್ತೇ ಬರದೀನಿ. ನಕ್ಕಾಳ.”

ಸಾಬಮ್ಮ ಎದ್ದು ಹೋಗಿ ಅವರ ಪಕ್ಕ ಕುಳಿತಳು. ನಿಯಮಕ್ಕಿಷ್ಟು ಎಂದು ರೇಗಿದ್ದ ನನಗೆ ಆ ಪಡಸಾಲೆಯಲ್ಲಿ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

“ಮಾಸ್ತರ, ಇನ್ನೊಮ್ಮೆ ಓದ್ರಿ” ಎಂದಳು ಸಾಬಮ್ಮ. ಓದಿದೆ. ಮುಗಿದ ಕೂಡಲೇ, “ಇನ್ನೊಮ್ಮೆ” ಎಂದಳು. ಮೂರನೆಯ ಸಲಕ್ಕೆ ಪರದೆಯ ಅಕ್ಷರಗಳು ನನ್ನ ಕಣ್ಣಲ್ಲಿ ಕಲಸಿಹೋಗಿದ್ದವು. ಆದರೇನು, ಬಾಯಿಗೆ ಬಂದಿತ್ತು. ಗೋಡೆಯ ಕಡೆ ಮುಖ ತಿರುಗಿಸಿ ಹೇಳತೊಡಗಿದೆ.

“ನೋಡಿಕೊಂಡು ಓದಲೇ” ಎಂದರು ದೊಡ್ಡತ್ತೆ, ಮೂಗೊರೆಸಿಕೊಳ್ಳುತ್ತ. “ಬಾಯಿ ಮಾತು ರಿಕಾರ್ಡ್ ಅಲ್ಲ.”

ನಾನು ಕಣ್ಣೊರೆಸಿಕೊಂಡು, ನೋಡಿಕೊಂಡು, ಮೊದಲಿನಿಂದ ಓದಿದೆ.